ಅಡಿಲೇಡ್‌ನಲ್ಲಿ ಕವನಾ ಆಡಿದ ಕನ್ನಡ

ಪರ್ತ್
ಮಂಗಳವಾರ, ೨೨ ಜನವರಿ ೨೦೧೯

ನನ್ನ ಕಸ್ತೂರಿಗೆ ಸಿಲ್ವಿಯಾಳ ಪ್ರೀತಿಯ ನೆನಪುಗಳು.

ಈ ಕಾಗದವನ್ನು ಒಲೆಯ ಮುಂದೆ ನಿಂತು ಓದಬೇಡ. ಒಲೆ ಆರಿಸು, ಕುರ್ಚಿ ಎಳೆದುಕೊಂಡು ಕೂತು ಕೊನೆಯವರೆಗೆ ಓದು. ಮಧ್ಯದಲ್ಲಿ ಕವನಾಗೆ ಫೋನ್ ಮಾಡಬೇಡ. ಅರ್ಧ ಕೇಳಿದ ತಕ್ಷಣ ಫೋನಿಗೆ ಕೈ ಹಾಕುವ ನಿನ್ನ ಬುದ್ಧಿ ಮೂವತ್ತು ವರ್ಷದಿಂದ ಗೊತ್ತಿರುವುದರಿಂದಲೇ ಪೆನ್ನು ಹಿಡಿದಿದ್ದೇನೆ. ನಮ್ಮ ನರ್ಸಿಂಗ್ ಹೋಮಿನ ಟೀ ರೂಮಿನಲ್ಲಿ ಕೂತು ಬರೆಯುತ್ತಿದ್ದೇನೆ. ಮನೆಯಲ್ಲಿ ಬರೆದರೆ ಅವಳ ಕಣ್ಣಿಗೆ ಬೀಳುತ್ತದೆ. ಎಕ್ಸ್‌ಪ್ರೆಸ್ ಪೋಸ್ಟಿನಲ್ಲಿ ಹಾಕಿದರೆ ಗುರುವಾರ ನಿನಗೆ ಸಿಗುತ್ತದೆ, ಅವಳು ಬ್ರಿಸ್ಬೇನ್‌ಗೆ ಬಂದಿಳಿಯುವುದು ಶುಕ್ರವಾರ ಸಂಜೆ.

ವಿಷಯ ಇಷ್ಟು. ಬರುವ ಶನಿವಾರ ನಿಮ್ಮೂರ ಮಂಜುಗಡ್ಡೆಯ ರಿಂಕಿನಲ್ಲಿ ನಡೆಯುವ ಹಾಕಿ ಮ್ಯಾಚಿನಲ್ಲಿ ಕವನಾ ಆಡಬಾರದು. ಹತ್ತು ದಿನದ ಹಿಂದೆ ಅಡಿಲೇಡ್‌ನಲ್ಲಿ ಅವಳ ತಲೆಗೆ ಪೆಟ್ಟು ಬಿದ್ದಿದೆ, ಅದು ಇನ್ನೂ ವಾಸಿಯಾಗಿಲ್ಲ. ಅವಳು ಎಲ್ಲರಿಂದ ಮುಚ್ಚಿಟ್ಟಿದ್ದಾಳೆ. ನಾನೂ ಮುಚ್ಚಿಟ್ಟಿದ್ದೇನೆ. ಬಾಯಿಗೆ ಬಂದದ್ದೆಲ್ಲ ಬೈದುಕೋ, ಆಮೇಲೆ ಮುಂದಕ್ಕೆ ಓದು.

ಆ ಶನಿವಾರ ನಾನು ಅಡಿಲೇಡ್‌ನಿಂದ ನಿನಗೆ ಫೋನ್ ಮಾಡಿ, ನಿನ್ನ ಮಗಳು ಕನ್ನಡ ಮಾತಾಡಿದಳು ಮಾರಾಯ್ತಿ ಎಂದು ಕೂಗಿದ್ದೆ. ನೀನು ಫೋನಿನಲ್ಲೇ ಅತ್ತುಬಿಟ್ಟೆ. ನಾಲ್ಕನೇ ವಯಸ್ಸಿಗೆ ಆಸ್ಟ್ರೇಲಿಯಾಕ್ಕೆ ಬಂದ ಮಗು, ನೀನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಹದಿನೇಳು ವರ್ಷ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟ ಮಗು. ಅವಳನ್ನು ಇಲ್ಲಿ ನಮ್ಮ ಮನೆಯಲ್ಲಿದ್ದು ಮೈನಿಂಗ್ ಎಂಜಿನಿಯರಿಂಗ್ ಓದಲು ಕಳಿಸುವಾಗ, ನಿನ್ನ ಮಂಗಳೂರು ಕನ್ನಡವಾದರೂ ಪರವಾಗಿಲ್ಲ, ಅವಳ ಬಾಯಿಂದ ನಾಲ್ಕು ಮಾತು ಹೊರಡಿಸು ಎಂದು ನೀನೇ ನನಗೆ ಹೇಳಿದ್ದೆ. ಸಂಕ್ರಾಂತಿಗೆ ನಿಮ್ಮ ಸನ್ನಿಬ್ಯಾಂಕ್ ಬಡಾವಣೆಯಲ್ಲಿ ಎಳ್ಳುಬೆಲ್ಲ ಹಂಚುತ್ತಾ ಹೋದ ಮನೆಯಲ್ಲೆಲ್ಲ ಮಗಳ ಕನ್ನಡದ ಸುದ್ದಿ ಹೇಳಿದೆಯಂತೆ. ನಿನ್ನ ಗಂಡ ರಮಾಕಾಂತ್ ಅದನ್ನು ಫೋನಿನಲ್ಲಿ ನಗುತ್ತಾ ಹೇಳುವಾಗ ನಾನೂ ನಕ್ಕಂತೆ ಮಾಡಿದೆ. ಆ ಕನ್ನಡ ಪೆಟ್ಟಿನಿಂದ ಬಂದದ್ದು ಕಸ್ತೂರಿ. ನಿನ್ನಿಂದ ಅದನ್ನು ಕಿತ್ತುಕೊಳ್ಳಲು ನನಗೆ ಹತ್ತು ದಿನ ಧೈರ್ಯ ಬರಲಿಲ್ಲ.

ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ. ಐಸ್ ಹಾಕಿ ಎಂದರೆ ನಿನಗೆ ಇವತ್ತಿಗೂ ನಗು. ಬೆಂಗಳೂರಿನವರ ಮಗಳು ಮಂಜುಗಡ್ಡೆಯ ಮೇಲೆ ಕೋಲು ಹಿಡಿದು ಓಡುವುದೇನು ಎಂದು ಕೇಳುತ್ತಿದ್ದೆ. ಆದರೆ ಇಲ್ಲಿ ಅದು ನಗುವ ವಿಷಯವಲ್ಲ. ಪರ್ತ್‌ನ ಹೆಂಗಸರು ದೇಶದ ಲೀಗಿಗೆ ಕಾಲಿಟ್ಟ ಮೊದಲ ಸೀಸನ್ ಇದು. ವಾರವಿಡೀ ಕಾಲೇಜು, ಆಫೀಸು, ಆಸ್ಪತ್ರೆ ಎಂದು ದುಡಿದು, ಶುಕ್ರವಾರ ವಿಮಾನ ಹತ್ತಿ, ಶನಿವಾರ ಭಾನುವಾರ ಎರಡು ಮ್ಯಾಚ್ ಆಡಿ, ಸೋಮವಾರ ಕಣ್ಣು ಉಜ್ಜಿಕೊಂಡು ಮತ್ತೆ ಕೆಲಸಕ್ಕೆ ಹೋಗುತ್ತಾರೆ. ಅಕ್ಟೋಬರಿನಿಂದ ಹೀಗೇ ಸುತ್ತಿದರೂ ಒಂದು ಮ್ಯಾಚನ್ನೂ ಗೆದ್ದಿರಲಿಲ್ಲ. ನನ್ನ ಗಂಡ ಓಸ್ವಾಲ್ಡ್ ಕುವೈತಿನ ರಿಂಕಿನಲ್ಲಿ ಹದಿನಾಲ್ಕು ವರ್ಷ ಮಂಜುಗಡ್ಡೆ ಕಾಯ್ದವನು, ಇಲ್ಲಿಯೂ ಐಸ್ ಸಮ ಮಾಡುವ ಗಾಡಿ ಓಡಿಸುತ್ತಾನೆ. ತಂಡದ ಬೆಂಚಿನಲ್ಲಿ ಕೂರಲು ನರ್ಸ್ ಬೇಕು ಎಂದು ಅವರು ಕೇಳಿದಾಗ ನನ್ನನ್ನು ಒಂದು ಮಾತೂ ಕೇಳದೆ ನನ್ನ ಹೆಸರು ಕೊಟ್ಟು ಬಂದ. ನಾನು ಬೈದೆ, ಆಮೇಲೆ ಹೋದೆ. ಹುಡುಗಿಯರು ಒಳ್ಳೆಯವರು.

ಬೆಂಚಿನ ನರ್ಸಿನ ಕೆಲಸ ಸುಲಭ. ಉಳುಕಿದರೆ ಪಟ್ಟಿ, ಊದಿದರೆ ಐಸ್. ತಲೆಗೆ ಪೆಟ್ಟು ಬಿದ್ದರೆ ಮಾತ್ರ ಒಂದು ಕ್ರಮವಿದೆ. ನನ್ನ ಚೀಲದಲ್ಲಿ ಒಂದು ಕಾರ್ಡು ಇರುತ್ತದೆ, ಅದರಲ್ಲಿ ಐದು ಪ್ರಶ್ನೆ. ಇದು ಯಾವ ರಿಂಕು, ಎಷ್ಟನೇ ಅವಧಿ, ಕೊನೆಯ ಗೋಲು ಯಾರದು, ಹಿಂದಿನ ಮ್ಯಾಚ್ ಯಾರ ಜೊತೆ, ಗೆದ್ದೆವೋ ಸೋತೆವೋ. ಐದಕ್ಕೂ ಸರಿಯಾಗಿ ಉತ್ತರ ಕೊಟ್ಟರೆ, ಬೇರೆ ಏನೂ ಸಂಶಯವಿಲ್ಲದಿದ್ದರೆ, ನಾನು ಫಾರ್ಮಿಗೆ ಸಹಿ ಹಾಕುತ್ತೇನೆ, ಅವಳು ಮತ್ತೆ ಆಡಬಹುದು. ಸಹಿ ಇಲ್ಲದಿದ್ದರೆ ಆಟ ಇಲ್ಲ. ಅಷ್ಟು ದೊಡ್ಡ ಅಧಿಕಾರ ನನ್ನ ಪೆನ್ನಿಗೆ.

ಅಡಿಲೇಡ್‌ಗೆ ಹೋಗುವಾಗ ಮೂವರಿಗೆ ಜ್ವರ, ಇಬ್ಬರಿಗೆ ರಜೆ ಸಿಕ್ಕಿರಲಿಲ್ಲ. ಹತ್ತೇ ಜನ ಹೋದರು. ಎರಡನೇ ಅವಧಿ ಮುಗಿಯಲು ಒಂದು ನಿಮಿಷವಿತ್ತು, ಎರಡು ಎರಡು ಸಮವಾಗಿತ್ತು. ಚೆಂಡಿನ ಬದಲು ಆಡುವ ಆ ಕಪ್ಪು ಬಿಲ್ಲೆ, ಪಕ್, ಮೂಲೆಗೆ ಜಾರಿತು, ಕವನಾ ಅದರ ಹಿಂದೆ ಹೋದಳು, ಆ ಕಡೆಯಿಂದ ಅಡಿಲೇಡ್‌ನ ಒಬ್ಬಳು ದಪ್ಪ ಹುಡುಗಿ ಬಂದಳು. ಯಾರದೂ ತಪ್ಪಿಲ್ಲ, ಇಬ್ಬರ ಕಣ್ಣೂ ಪಕ್ಕಿನ ಮೇಲೆ. ಕವನಾಳ ಹೆಲ್ಮೆಟ್ ಗೋಡೆಗೆ ಬಡಿದ ಸದ್ದು ಬೆಂಚಿನವರೆಗೆ ಕೇಳಿಸಿತು. ಏಳೆಂಟು ಸೆಕೆಂಡು ಅಲ್ಲಾಡಲಿಲ್ಲ. ನಾನು ಎದ್ದು ನಿಂತಿದ್ದೆ, ಶಿಲುಬೆಯ ಗುರುತು ಮಾಡಿಕೊಂಡೆ. ಆಮೇಲೆ ಅವಳೇ ಎದ್ದಳು, ತಾನೇ ಜಾರಿಕೊಂಡು ಬಂದು ಬೆಂಚಿನ ಮೇಲೆ ಕೂತಳು.

ನಾನು ಕಾರ್ಡು ಹಿಡಿದು ಅವಳ ಮುಂದೆ ಮೊಣಕಾಲೂರಿದೆ. ಕಾರ್ಡಿನಲ್ಲಿ ಇದ್ದ ಹಾಗೇ ಇಂಗ್ಲಿಷಿನಲ್ಲಿ ಕೇಳಿದೆ. ಅವಳು ಕನ್ನಡದಲ್ಲಿ ಉತ್ತರ ಕೊಟ್ಟಳು. "ಅಡಿಲೇಡ್" ಅಂದಳು. "ಎರಡ್ನೇದು" ಅಂದಳು. "ಅವ್ರೇ ಹೊಡದ್ರು, ಹದ್ನಾಲ್ಕನೇ ನಂಬರ್" ಅಂದಳು. "ಸಿಡ್ನಿ" ಅಂದಳು. ಕೊನೆಯದಕ್ಕೆ, "ಸೋತ್ವಿ. ಯಾವಾಗ್ಲೂ ಸೋಲೋದೇ ತಾನೆ?" ಅಂದಳು. ಆ 'ತಾನೆ' ಥೇಟ್ ನಿನ್ನದೇ. ಐದಕ್ಕೆ ಐದೂ ಸರಿ. ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಇಪ್ಪತ್ತೆಂಟು ವರ್ಷ ನರ್ಸ್ ಆಗಿದ್ದವಳ ಬುದ್ಧಿ ಆ ಸಂತೋಷದಲ್ಲಿ ಕೆಲಸ ಮಾಡಲಿಲ್ಲ. ಬೇರೆ ಯಾವ ರೋಗಿಯಾದರೂ ಇದ್ದಕ್ಕಿದ್ದಂತೆ ಭಾಷೆ ಬದಲಾಯಿಸಿದ್ದರೆ ನಾನು ಆ ಕ್ಷಣವೇ ಡಾಕ್ಟರನ್ನು ಕರೆಯುತ್ತಿದ್ದೆ. ಕನ್ನಡವಾದ್ದರಿಂದ ಹಬ್ಬ ಮಾಡಿದೆ. ಕೋಚ್ ನನ್ನ ಕಡೆ ನೋಡಿದಳು, ನಾನು ಹೆಬ್ಬೆರಳು ಎತ್ತಿ ತೋರಿಸಿದೆ, ಫಾರ್ಮಿಗೆ ಸಹಿ ಹಾಕಿದೆ.

ಕೊನೆಯದಾದ ಮೂರನೇ ಅವಧಿಯಲ್ಲಿ ಅವಳು ಆಡಿದಳು. ಆಡಿದ್ದು ಮಾತ್ರವಲ್ಲ, ನಾಲ್ಕು ನಿಮಿಷ ಉಳಿದಿರುವಾಗ ಗೋಲು ಹೊಡೆದಳು. ನಮ್ಮ ತಂಡದ ಮೊದಲ ಗೆಲುವು. ಹತ್ತು ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದರು, ಆ ರಾಶಿಯ ಅಡಿಯಲ್ಲಿ ಕವನಾ. ಆ ವೀಡಿಯೊ ನೀನು ನೂರು ಸಲ ನೋಡಿದ್ದೀ, ಸ್ಟೇಟಸ್ ಹಾಕಿದ್ದೀ. ನಾನು ಕಾರಿಡಾರಿಗೆ ಓಡಿ ನಿನಗೆ ಫೋನ್ ಮಾಡಿದ್ದು ಆಗಲೇ. ಗೆಲುವಿನ ಸುದ್ದಿಗಿಂತ ಮೊದಲು ಕನ್ನಡದ ಸುದ್ದಿ ಹೇಳಿದೆ.

ಅವತ್ತು ಊಟಕ್ಕೆ ನಿನ್ನ ತಂಗಿ ಮಧುರಾ ನಮ್ಮನ್ನು ಮಾಸನ್ ಲೇಕ್ಸ್‌ನ ತನ್ನ ಮನೆಗೆ ಕರೆದಿದ್ದಳು. ಬಿಸಿಬೇಳೆಬಾತ್ ಮಾಡಿದ್ದಳು ಪಾಪ, ಅಕ್ಕನ ಮಗಳು ಗೆದ್ದು ಬರುತ್ತಾಳೆ ಎಂದು ಮೇಲೆ ಅಷ್ಟು ಗೋಡಂಬಿ. ಕವನಾ ಎರಡು ಚಮಚ ತಿಂದು ತಟ್ಟೆ ಸರಿಸಿದಳು. ಲೈಟು ಕಣ್ಣಿಗೆ ಚುಚ್ಚುತ್ತದೆ ಎಂದು ಸೋಫಾದ ಮೂಲೆಯಲ್ಲಿ ಮುಖ ಮುಚ್ಚಿ ಕೂತಳು. ಎಲ್ಲಿ, ನನ್ ಹತ್ರಾನೂ ಕನ್ನಡ ಮಾತಾಡೇ ಎಂದು ಮಧುರಾ ಕೆಣಕಿದಳು. ಕವನಾ, "ವಾಟ್? ಐ ಡೋಂಟ್ ಸ್ಪೀಕ್ ಇಟ್, ಚಿಕ್ಕಮ್ಮ, ಯು ನೋ ದಟ್" ಅಂದಳು. ನಾಚಿಕೆ ಎಂದು ನಾವಿಬ್ಬರೂ ನಕ್ಕೆವು. ಭಾನುವಾರ ಬೆಳಿಗ್ಗೆ ಮತ್ತೆ ಪೂರ್ತಿ ಮ್ಯಾಚ್ ಆಡಿದಳು. ನಾನು ಬೆಂಚಿನಲ್ಲಿ ಕೂತು ಚಪ್ಪಾಳೆ ತಟ್ಟಿದೆ.

ಪರ್ತ್‌ಗೆ ಬಂದ ಮೇಲೆ ಒಂದೊಂದಾಗಿ ಕಾಣತೊಡಗಿತು. ಮನೆಯೊಳಗೆ ತಂಪು ಕನ್ನಡಕ. ಕುಕ್ಕರಿಗೆ ಅಕ್ಕಿ ಹಾಕಿ ನೀರು ಹಾಕದೆ ಸ್ವಿಚ್ ಒತ್ತಿದಳು. ಮೊನ್ನೆ ಭಾನುವಾರ ಓಸ್ವಾಲ್ಡ್ ನಮ್ಮಿಬ್ಬರನ್ನು ದ್ರಾಕ್ಷಿ ತರಲು ಸ್ವಾನ್ ವ್ಯಾಲಿಗೆ ಕರೆದುಕೊಂಡು ಹೋದ. ಕ್ರಿಸ್ಮಸ್ಸಿಗೆ ಮುಂಚೆ ಅದೇ ತೋಟಕ್ಕೆ ಕವನಾಳೇ ಕಾರು ಓಡಿಸಿಕೊಂಡು ನಮ್ಮನ್ನು ಕರೆದೊಯ್ದಿದ್ದಳು. ಮೊನ್ನೆ ಗೇಟಿನ ಹತ್ತಿರ ಇಳಿದವಳು, ಇದು ಚೆನ್ನಾಗಿದೆ, ನಾವು ಯಾಕೆ ಮೊದಲೇ ಇಲ್ಲಿಗೆ ಬರಲಿಲ್ಲ ಎಂದು ಕೇಳಿದಳು. ಓಸ್ವಾಲ್ಡ್ ನನ್ನ ಮುಖ ನೋಡಿದ. "ಸಿಲ್ವಿ, ಇದು ಸರಿ ಇಲ್ಲ ಮಾರಾಯ್ತಿ" ಎಂದು ಮಾತ್ರ ಹೇಳಿದ.

ಅವನಿಗೆ ಆವತ್ತು ಗೊತ್ತಾದದ್ದು ನನಗೆ ಅದಕ್ಕೂ ಮೂರು ದಿನ ಮೊದಲೇ ಗೊತ್ತಿತ್ತು. ಗುರುವಾರ ಮಧ್ಯಾಹ್ನ ನಾನು ಡ್ಯೂಟಿಯಿಂದ ಬೇಗ ಬಂದೆ. ಅವಳ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಲ್ಯಾಪ್‌ಟಾಪಿನಲ್ಲಿ ಆ ಗೋಲಿನ ವೀಡಿಯೊ ಹಾಕಿಕೊಂಡು, ನಿಲ್ಲಿಸಿ, ಹಿಂದೆ ಹೋಗಿ, ಮತ್ತೆ ನೋಡಿ, ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ಪಕ್ ಯಾರಿಂದ ಬಂತು, ಎಡಕ್ಕೆ ತಿರುಗಿದೆನೋ ಬಲಕ್ಕೋ, ಆಮೇಲೆ ಯಾರನ್ನು ಮೊದಲು ತಬ್ಬಿದೆ. ಬರೆದದ್ದನ್ನು ಪರೀಕ್ಷೆಗೆ ಓದುವ ಹಾಗೆ ಮೆಲ್ಲಗೆ ಬಾಯಿಪಾಠ ಮಾಡುತ್ತಿದ್ದಳು. ತಾನು ಹೊಡೆದ ಗೋಲನ್ನು ಯಾರಾದರೂ ಕೇಳಿದರೆ ಹೇಳಬೇಕಲ್ಲ ಎಂದು ಕಲಿಯುತ್ತಿದ್ದಳು ಕಸ್ತೂರಿ.

ಒಳಗೆ ಹೋಗಿ ಕೂತೆ. ಅವಳು ಮೊದಲು ಸಿಟ್ಟಾದಳು, ಆಮೇಲೆ ಅತ್ತಳು. ಅವಳಿಗೆ ನೆನಪಿರುವ ಕೊನೆಯದೆಂದರೆ ಅವತ್ತು ಸ್ಕೇಟಿನ ಲೇಸು ಕಟ್ಟಿದ್ದು. ಪೆಟ್ಟು ನೆನಪಿಲ್ಲ, ಗೋಲು ನೆನಪಿಲ್ಲ, ನನ್ನ ಹತ್ತಿರ ಕನ್ನಡ ಮಾತಾಡಿದ್ದೂ ನೆನಪಿಲ್ಲ. ನೀನು ಫೋನಿನಲ್ಲಿ ಕನ್ನಡ ಎಂದು ಸಂಭ್ರಮ ಪಟ್ಟಾಗ ಏನು ಹೇಳಬೇಕೋ ತಿಳಿಯದೆ ಹೂಂ ಹೂಂ ಅಂದಳಂತೆ. ಬ್ರಿಸ್ಬೇನ್ ಮ್ಯಾಚಿಗೆ ದೇಶದ ತಂಡವನ್ನು ಆರಿಸುವವರು ಬರುತ್ತಾರೆ, ಈ ವರ್ಷ ತಪ್ಪಿದರೆ ಮತ್ತೆ ಕರೆಯುವುದಿಲ್ಲ ಎಂದಳು. ನನ್ನ ಎರಡೂ ಕೈ ಹಿಡಿದುಕೊಂಡು, "ಪ್ಲೀಸ್ ಆಂಟಿ, ಡೋಂಟ್ ಟೆಲ್ ಅಮ್ಮ. ಆಫ್ಟರ್ ಬ್ರಿಸ್ಬೇನ್ ನಾನೇ ಹೇಳ್ತೀನಿ, ಐ ಪ್ರಾಮಿಸ್" ಅಂದಳು. ಆ ಎರಡು ಕನ್ನಡ ಶಬ್ದವನ್ನು ಅವಳು ಬೇಕೆಂದೇ ಹಾಕಿದ್ದು, ನಾನು ಕರಗಲಿ ಎಂದು. ನಾನು ಕರಗಿದೆ, ಮಾತು ಕೊಟ್ಟೆ.

ಮರುದಿನ ಅವಳು ಒಂದು ಕ್ಲಿನಿಕ್ಕಿಗೆ ಹೋಗಿ, ಸಣ್ಣಗೆ ತಾಗಿತು ಅಷ್ಟೇ ಎಂದು ಹೇಳಿ, ಆಡಬಹುದು ಎಂಬ ಚೀಟಿ ಬರೆಸಿಕೊಂಡು ಬಂದಳು. ಡಾಕ್ಟರ ತಪ್ಪಿಲ್ಲ, ಹೇಳಿದ್ದನ್ನು ಕೇಳಿ ಬರೆದಿದ್ದಾರೆ. ಸ್ವಾನ್ ವ್ಯಾಲಿಯಿಂದ ಬಂದ ಮೇಲೆ ನನಗೆ ಕೂರಲಾಗಲಿಲ್ಲ. ತಂಡದ ಮ್ಯಾನೇಜರ್ ಏಂಜೆಲಾ ನಮ್ಮ ಚರ್ಚಿನವಳೇ, ಉಡುಪಿ ಕಡೆಯವರ ಮಗಳು. ಅವಳ ಮನೆಗೆ ಹೋಗಿ, ಕವನಾಗೆ ಈ ಸಲ ರೆಸ್ಟ್ ಕೊಡು ಎಂದೆ. ಅವಳು ಫೈಲು ತೆಗೆದು ನನ್ನದೇ ಫಾರ್ಮು ನನ್ನ ಮುಂದಿಟ್ಟಳು. "ಸಿಲ್ವಿಯಾ ಆಂಟಿ, ಐದಕ್ಕೆ ಐದು, ನಿಮ್ದೇ ಸೈನ್. ಡಾಕ್ಟರ್ ಲೆಟರೂ ಇದೆ. ನಾನು ಏನಂತ ನಿಲ್ಲಿಸ್ಲಿ? ಅವತ್ತು ಬೆಂಚಲ್ಲಿ ಇನ್ನೇನಾದ್ರೂ ನೋಡಿದ್ರಾ?" ಎಂದು ಕೇಳಿದಳು. ನಾನು ಇಲ್ಲ ಎಂದೆ. ಮರೆವಿನ ವಿಷಯ ಹೇಳಿದರೆ ಅವಳು ಕವನಾಳನ್ನು ಕೇಳುತ್ತಾಳೆ, ಕವನಾ ಗೋಲನ್ನು ಎಡ ಬಲ ಸಮೇತ ವರ್ಣಿಸುತ್ತಾಳೆ. ನನ್ನ ಸಹಿಯೇ ನನ್ನ ಬಾಯಿ ಕಟ್ಟಿತು.

ಹೆದರಿಸಬೇಕೆಂದು ಬರೆಯುತ್ತಿಲ್ಲ, ಆದರೆ ತಿಳಿದವಳು ಹೇಳಲೇಬೇಕು. ಮೊದಲ ಪೆಟ್ಟು ಆರುವ ಮುಂಚೆ ಎರಡನೆಯದು ಬಿದ್ದರೆ, ಅದು ಸಣ್ಣದೇ ಆಗಿರಲಿ, ಮೆದುಳು ಊದಿಕೊಳ್ಳಬಹುದು. ಕುವೈತಿನಲ್ಲಿ ಇಪ್ಪತ್ತೆರಡರ ಒಬ್ಬ ಫುಟ್‌ಬಾಲ್ ಆಟಗಾರನನ್ನು ನಮ್ಮ ವಾರ್ಡಿಗೆ ತಂದಿದ್ದರು. ತಲೆನೋವು ಎಂದು ಒಂದು ವಾರ ಮಾತ್ರೆ ನುಂಗಿ, ಯಾರಿಗೂ ಹೇಳದೆ ಮತ್ತೆ ಆಡಿದ್ದ. ಅವನ ತಾಯಿ ಊರಿನಿಂದ ಬಂದು ಮುಟ್ಟುವವರೆಗೆ ಅವನ ಉಸಿರನ್ನು ಯಂತ್ರದಲ್ಲಿ ಉಳಿಸಿದ್ದೆವು. ನಾನು ಆ ಹೆಂಗಸಿಗೆ ಕುರ್ಚಿ ಹಾಕಿಕೊಟ್ಟೆ. ಈ ಹತ್ತು ದಿನದಲ್ಲಿ ಆ ಕುರ್ಚಿಯಲ್ಲಿ ನನಗೆ ನೀನೇ ಕಾಣುತ್ತಿದ್ದೀ.

ಆದ್ದರಿಂದ ಈಗ ನೀನು ಮಾಡಬೇಕಾದದ್ದು. ಶುಕ್ರವಾರ ಏರ್‌ಪೋರ್ಟಿಗೆ ನೀನೇ ಹೋಗು, ತಂಡದ ವ್ಯಾನಿನಲ್ಲಿ ಹೋಗಲು ಬಿಡಬೇಡ. ಅಮ್ಮನ ಕೈ ಊಟ ಎಂದು ಹೇಳು, ಬರುತ್ತಾಳೆ. ಅವಳ ಸ್ಕೇಟಿನ ಚೀಲ ಕಾರಿನ ಡಿಕ್ಕಿಗೆ ಹಾಕಿದ ಮೇಲೆ ಬೀಗದ ಕೈ ನಿನ್ನ ಹತ್ತಿರವೇ ಇರಲಿ. ಮನೆಗೆ ಹೋಗುವ ಮೊದಲು ನಿಮ್ಮ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ಇವತ್ತೇ ಹೇಳಿ ಸಮಯ ಹಿಡಿದುಕೋ. ಇದರ ಜೊತೆಗಿರುವ ಇಂಗ್ಲಿಷ್ ಹಾಳೆ ಡಾಕ್ಟರಿಗೆ. ಯಾವ ದಿನ ಏನಾಯಿತು ಎಂದು ಡ್ಯೂಟಿ ಬದಲಾಗುವಾಗ ಬರೆದಿಡುವ ಹಾಗೆ ಎಲ್ಲ ಬರೆದಿದ್ದೇನೆ. ಅವಳು ಕೂಗಾಡುತ್ತಾಳೆ, ಆಂಟಿ ಸುಳ್ಳುಗಾತಿ ಎನ್ನುತ್ತಾಳೆ. ನೀನು ಹೌದು ಎನ್ನು, ಆದರೆ ಬಾಗಿಲು ಬಿಡಬೇಡ.

ಇನ್ನೊಂದು ಮಾತು. ಈಗ ಅವಳನ್ನು ಕನ್ನಡ ಮಾತಾಡು ಎಂದು ಕಾಡಬೇಡ. ಅವಳು ಯಾವ ಭಾಷೆಯಲ್ಲಿ ನಿನ್ನ ಜೊತೆ ಜಗಳ ಆಡಿದರೂ ಕೇಳಿಸಿಕೋ. ಎಳ್ಳು ಹಂಚಿದ ಮನೆಗಳಲ್ಲಿ ಯಾರಾದರೂ ಕೇಳಿದರೆ, ಸಿಲ್ವಿಯಾ ಏನೋ ತಪ್ಪು ಕೇಳಿಸಿಕೊಂಡಿದ್ದಳಂತೆ ಎಂದು ನನ್ನ ಮೇಲೆ ಹಾಕು.

ನಿನ್ನ ಮಗಳನ್ನು ನನ್ನನ್ನು ನಂಬಿ ಕಳಿಸಿದ್ದೆ. ನಾನು ನೋಡಿಕೊಳ್ಳಲಿಲ್ಲ. ಕ್ಷಮಿಸು ಎಂದು ಕೇಳಲು ಮುಖವಿಲ್ಲ, ಆದರೂ ಕೇಳುತ್ತಿದ್ದೇನೆ. ನೀನು ಇನ್ನು ಮುಂದೆ ನನ್ನ ಜೊತೆ ಮಾತು ಬಿಟ್ಟರೂ ಶುಕ್ರವಾರ ರಾತ್ರಿ ಡಾಕ್ಟರು ಏನೆಂದರು ಎಂದು ಒಂದೇ ಒಂದು ಸಾಲು ಕಳಿಸು. ಓಸ್ವಾಲ್ಡ್ ನಿಮ್ಮಿಬ್ಬರಿಗೂ ನಮಸ್ಕಾರ ತಿಳಿಸಿದ್ದಾನೆ.

ಯಾವತ್ತಿಗೂ ನಿನ್ನವಳೇ ಆದ,
ಸಿಲ್ವಿಯಾ

ವಿ.ಸೂ.: ಲಕೋಟೆ ಅಂಟಿಸಿ ಪೋಸ್ಟಾಫೀಸಿನ ಮುಂದೆ ಅರ್ಧ ಗಂಟೆ ಕಾರಿನಲ್ಲಿ ಕೂತಿದ್ದು, ಮತ್ತೆ ಹರಿದು ತೆಗೆದು ಇದನ್ನು ಬರೆಯುತ್ತಿದ್ದೇನೆ. ಕನ್ನಡದ ಸಂತೋಷದಲ್ಲಿ ಬುದ್ಧಿ ಕೆಲಸ ಮಾಡಲಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಕಾರ್ಡು ತೆಗೆಯುವ ಮೊದಲು ನಾನು ಇನ್ನೊಂದು ಪ್ರಶ್ನೆ ಕೇಳಿದ್ದೆ, ಎಲ್ಲ ನರ್ಸುಗಳೂ ಮೊದಲು ಕೇಳುವುದನ್ನೇ. ನಾನು ಯಾರು ಗೊತ್ತಾಯ್ತಾ ಎಂದೆ. ಅವಳು ನನ್ನ ಮುಖವನ್ನೇ ನೋಡಿ "ಅಮ್ಮ" ಅಂದಳು. ಸರಿಯಾಗಿ ನೋಡು ಎಂದು ಮತ್ತೆ ಕೇಳಿದೆ. "ಅಮ್ಮ ತಾನೆ?" ಎಂದು ನನ್ನ ಭುಜಕ್ಕೆ ಹೆಲ್ಮೆಟ್ ಒರಗಿಸಿದಳು. ಆ ಕ್ಷಣವೇ ನನಗೆ ಎಲ್ಲ ಗೊತ್ತಾಗಿತ್ತು. ಮದುವೆಯಾಗಿ ಇಪ್ಪತ್ತಾರು ವರ್ಷ, ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ. ಅದನ್ನು ತಪ್ಪು ಉತ್ತರ ಎಂದು ಬರೆಯಲು ಕೈ ಬರಲಿಲ್ಲ. ಗೊತ್ತಿದ್ದೂ ಸಹಿ ಹಾಕಿದೆ. ಕಾರಿನಲ್ಲಿ ಕೂತಿದ್ದಾಗಲೇ ಇದನ್ನು ಫೋನಿನಲ್ಲಿ ಏಂಜೆಲಾಗೆ ಬರೆದು ಕಳಿಸಿದೆ. ಶನಿವಾರದ ಪಟ್ಟಿಯಿಂದ ಕವನಾಳ ಹೆಸರು ತೆಗೆದಿದ್ದಾರೆ, ಆಗಿನಿಂದ ಅವಳು ನನಗೆ ಫೋನ್ ಮಾಡುತ್ತಲೇ ಇದ್ದಾಳೆ. ಟಿಕೆಟ್ ಆಗಿದೆ, ಸಿಟ್ಟು ಮಾಡಿಕೊಂಡಾದರೂ ಮನೆಗೆ ಬರುತ್ತಾಳೆ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದನ್ನು ತಪ್ಪಿಸಬೇಡ. ಇಂಗ್ಲಿಷ್ ಹಾಳೆಯಲ್ಲಿ ಇದನ್ನೇ ಮೊದಲ ಸಾಲಾಗಿ ಸೇರಿಸಿದ್ದೇನೆ. ಆ ಎರಡು ಸಲವೂ ಅವಳು ಕರೆದದ್ದು ನಿನ್ನನ್ನು, ಕಸ್ತೂರಿ.